ಬೆಂಕಿಕಡ್ಡಿ, ವಾಲ್ವ್ ಟ್ಯೂಬು ಮತ್ತು 'ಗ್ಲೋಬಲ್' ಶಾಲೆ

ಹಿಂಜವಡಿ, ವಾಕಡ್, ಬಾಣೇರ್ ಕಡೆ ಮನೆ ಮಾಡಿರೋ ನಮ್ಮಂಥವರಿಗೆ ಅಡ್ಮಿಷನ್ ಸೀಸನ್ ಬಂತು ಅಂದ್ರೆ ತಲೆಬಿಸಿ ಶುರು. ಗೇಟಿನ ಮೇಲೆ 'ಇಂಟರ್‌ನ್ಯಾಷನಲ್', 'ಗ್ಲೋಬಲ್' ಅಂತ ಬರೆದಿರುತ್ತೆ. ಒಳಗೆ ಸ್ಮಾರ್ಟ್ ಬೋರ್ಡು, ರೋಬೋಟಿಕ್ಸ್ ಲ್ಯಾಬು. ಇಷ್ಟು ಫೀಸು ಕಟ್ಟಿ ನಾವು ಕೊಳ್ತಿರೋದಾದರೂ ಏನು?

ಇದಕ್ಕೆ ಒಂದು ಒಳ್ಳೇ ಉತ್ತರ ಪುಣೆಯಲ್ಲೇ ಇದೆ. ವಿಶ್ವವಿದ್ಯಾಲಯದ ಆವರಣದಲ್ಲಿ ಜಯಂತ ನಾರಳೀಕರ್ ಕಟ್ಟಿ ಬೆಳೆಸಿದ ಖಗೋಳವಿಜ್ಞಾನ ಸಂಸ್ಥೆ 'ಆಯುಕಾ' ಗೊತ್ತಲ್ಲ, ಅಲ್ಲೇ ಮಕ್ಕಳಿಗಾಗಿ ಒಂದು ವಿಜ್ಞಾನ ಕೇಂದ್ರ ಇದೆ, 'ಮುಕ್ತಾಂಗಣ'. ಅದಕ್ಕೆ ನೆರವು ಬಂದದ್ದು ಪು.ಲ. ದೇಶಪಾಂಡೆ ಪ್ರತಿಷ್ಠಾನದಿಂದ. (ಪು.ಲ. ಒಂದು ಕಾಲಕ್ಕೆ ಬೆಳಗಾವಿಯ ಕಾಲೇಜಲ್ಲಿ ಪಾಠ ಮಾಡಿದವರು, ಆ ಲೆಕ್ಕದಲ್ಲಿ ಸ್ವಲ್ಪ ನಮ್ಮವರೂ ಹೌದು.) ಅರವಿಂದ್ ಗುಪ್ತಾ ಈ ಕೇಂದ್ರದಲ್ಲಿ 2014ರವರೆಗೆ ಸುಮಾರು ಹನ್ನೊಂದು ವರ್ಷ ಕೆಲಸ ಮಾಡಿದರು. ಕಾನ್ಪುರ ಐಐಟಿಯಲ್ಲಿ ಓದಿ, ಪುಣೆಯ ಟೆಲ್ಕೋ ಸೇರಿದವರು. ಅಂದ್ರೆ ನಮ್ಮ ಹಾಗೇ ನೌಕರಿಗೆ ಅಂತ ಈ ಊರಿಗೆ ಬಂದ ಇಂಜಿನಿಯರ್.

1978ರಲ್ಲಿ ಅವರು ಒಂದು ವರ್ಷ ರಜೆ ಹಾಕಿ ಮಧ್ಯಪ್ರದೇಶದ ಹೋಶಂಗಾಬಾದಿಗೆ ಹೋದರು. ಅಲ್ಲಿನ ಹಳ್ಳಿ ಶಾಲೆಗಳಲ್ಲಿ 1972ರಿಂದಲೇ ಪ್ರಯೋಗ ಮಾಡಿ ವಿಜ್ಞಾನ ಕಲಿಸೋ ಕಾರ್ಯಕ್ರಮ ನಡೀತಿತ್ತು. ದುಬಾರಿ ಲ್ಯಾಬಿಗೆ ದುಡ್ಡೆಲ್ಲಿ? ಹತ್ತಿರದಲ್ಲಿ ಸಿಗೋ ಸಾಮಾನಿನಲ್ಲೇ ಎಲ್ಲಾ ಆಗಬೇಕು. ಅವರ ಬೆಂಕಿಕಡ್ಡಿ ಮಾದರಿಗಳು ಹುಟ್ಟಿದ್ದು ಈ ಕೆಲಸದಿಂದ.

ಮಾಡೋದು ಹೀಗೆ. ಸೈಕಲ್ ವಾಲ್ವಿನ ತೆಳು ರಬ್ಬರ್ ಟ್ಯೂಬನ್ನ ಸಣ್ಣ ತುಂಡು ಮಾಡಿ, ಎರಡೂ ಬಾಯಿಗೆ ಒಂದೊಂದು ಬೆಂಕಿಕಡ್ಡಿ ಸಿಕ್ಕಿಸಿ. ತುದಿಯ ಮದ್ದನ್ನ ಮೊದಲೇ ದೊಡ್ಡವರು ಕೆರೆದು ತೆಗೆದಿರಬೇಕು. ಮೂರು ಕಡ್ಡಿಯ ತ್ರಿಕೋನ ಒತ್ತಿದರೂ ಅಲುಗಲ್ಲ. ನಾಲ್ಕು ಕಡ್ಡಿಯ ಚೌಕ ಒತ್ತಿದ ತಕ್ಷಣ ವಾಲುತ್ತೆ. ಸರಿ, ಚೌಕ ನಿಲ್ಲಬೇಕಾದ್ರೆ ಏನು ಮಾಡಬೇಕು? ಮೂಲೆಯಿಂದ ಮೂಲೆಗೆ ಒಂದು ಅಡ್ಡಕಡ್ಡಿ ಬೇಕು ಅಂತ ಮಗು ತಾನೇ ಕಂಡುಕೊಳ್ಳುತ್ತೆ. ಬೆಂಕಿಕಡ್ಡಿ ಅಲ್ಲಿಗೆ ಗಿಡ್ಡ ಆಗುತ್ತೆ. ಹಾಗಾದ್ರೆ ಎಷ್ಟು ಉದ್ದ ಬೇಕು? ನೋಡಿ, ಪೈಥಾಗೊರಸ್ ಕರೆಯದೇ ಬಂದ. ಮುಂದೆ 12 ಕಡ್ಡಿಯ ಕ್ಯೂಬ್ ಮಾಡಿದರೆ ಅದೂ ಕುಸಿಯುತ್ತೆ. ಅದರ ಆರೂ ಮುಖಕ್ಕೆ ಒಂದೊಂದು ಅಡ್ಡಕಡ್ಡಿ ಕೊಟ್ಟ ಮೇಲೇ ಗಟ್ಟಿ ನಿಲ್ಲೋದು. ರಸ್ತೆಬದಿಯ ಹೈಟೆನ್ಶನ್ ಟವರ್‌ನಲ್ಲಿ ಅಷ್ಟೊಂದು ತ್ರಿಕೋನ ಯಾಕಿದೆ ಅನ್ನೋದು ಆಮೇಲೆ ಹೇಳಿಕೊಡಬೇಕಾಗಿಲ್ಲ.

ಆಫೀಸಲ್ಲಿ ನಾವು ದಿನಾ ಮಾಡೋದೂ ಇದೇ ತಾನೆ? ಕಟ್ಟಿದ್ದು ಬೀಳುತ್ತೆ, ಯಾಕೆ ಬಿತ್ತು ಅಂತ ಹುಡುಕ್ತೀವಿ, ಇನ್ನೊಂದು ಟೈಮ್‌ಝೋನ್‌ನಲ್ಲಿ ಕೂತವರಿಗೆ ಅದನ್ನ ವಿವರಿಸ್ತೀವಿ. ರೋಬೋಟಿಕ್ಸ್ ಕಿಟ್‌ನಲ್ಲಿ ತಪ್ಪೇನಿಲ್ಲ. ಆದರೆ ಮ್ಯಾನುಯಲ್ ನೋಡಿ ಹದಿನೇಳು ಸ್ಟೆಪ್ ಜೋಡಿಸಿ ಫೋಟೋ ತೆಗೆಸಿಕೊಂಡರೆ ಅದು ಹಳೇ ಬಾಯಿಪಾಠವೇ, ಬ್ಯಾಟರಿ ಹಾಕಿದ್ದು ಅಷ್ಟೇ.

ನಮ್ಮ ಮಕ್ಕಳಿಗೆ ಇನ್ನೊಂದು ತೊಡಕೂ ಇದೆ. ಕ್ಲಾಸಲ್ಲಿ ಇಂಗ್ಲಿಷು, ಆಟಕ್ಕೆ ಮರಾಠಿ, ಹಿಂದಿ, ಮನೇಲಿ ಕನ್ನಡ. ಎಷ್ಟೋ ಸಲ ಪ್ರಶ್ನೆ ಹೊಳೆದಿರುತ್ತೆ, ಕೇಳೋಕೆ ಪದ ಸಿಗದೆ ಸುಮ್ಮನಾಗ್ತವೆ. ಕೈಯಲ್ಲಿ ವಾಲಿದ ಚೌಕ ಇದ್ದರೆ ಬೆರಳು ಮಾಡಿ ತೋರಿಸಿ ಕೇಳಬಹುದು. ಮನೇಲಾದರೆ 'ಯಾಕೋ ಬಿತ್ತು ಇದು?' ಅಂತ ನಾವೇ ಕನ್ನಡದಲ್ಲಿ ಮಾತು ತೆಗೀಬಹುದು. ಗುಪ್ತಾ ಅವರ ವೆಬ್‌ಸೈಟಿನಲ್ಲಿ ಕನ್ನಡದ ಪುಸ್ತಕಗಳೂ ಇವೆ, ದುಡ್ಡು ಕೊಡಬೇಕಾಗಿಲ್ಲ.

ಮುಂದಿನ ಸಲ ಶಾಲೆ ನೋಡೋಕೆ ಹೋದಾಗ ಲ್ಯಾಬ್ ತೋರಿಸೋ ಮಾರ್ಕೆಟಿಂಗ್‌ನವರನ್ನ ಬಿಟ್ಟು, ಪಾಠ ಮಾಡೋ ಟೀಚರ್ ಹತ್ತಿರ ಮಾತಾಡಿ: 'ಹೋದ ವಾರ ಮಕ್ಕಳು ಕೈಯಾರೆ ಏನು ಮಾಡಿದ್ರು ಮೇಡಂ? ಯಾವುದು ಕೈಕೊಡ್ತು?' ಎರಡನೇ ಪ್ರಶ್ನೆಗೆ ಅವರ ಮುಖ ಅರಳಿದ್ರೆ ಆ ಶಾಲೆಯ ಫಾರ್ಮ್ ತಗೊಳ್ಳಿ. ಅಂದಹಾಗೆ, ಈಗಿನ ಗೇರ್ ಸೈಕಲ್‌ಗಳಿಗೆ ಆ ವಾಲ್ವ್ ಟ್ಯೂಬು ಬೇಕಾಗಲ್ಲ. ಪೇಠೆಗಳ ಕಡೆಯ ಹಳೇ ಸೈಕಲ್ ಅಂಗಡಿಗಳಲ್ಲಿ ಕೇಳಿ ನೋಡಿ.