ಹಾಸ್ಟೆಲ್ಲಿಗಿಂತ ಮೊದಲು ಅಜ್ಜಿಯ ಮನೆ

ಅಪ್ಪ ತೀರಿಹೋಗಿದ್ದಾನೆ, ಅಮ್ಮ ಹಾಸಿಗೆ ಹಿಡಿದಿದ್ದಾಳೆ, ಆರನೇ ಕ್ಲಾಸಿನ ಹುಡುಗಿಯೊಬ್ಬಳಿದ್ದಾಳೆ. ಏನು ಮಾಡುವುದು? ಲಕ್ಕವಳ್ಳಿಯ ಬಸ್ ನಿಲ್ದಾಣದಲ್ಲಿ ಕೇಳಿದರೂ ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿ ಕೇಳಿದರೂ ಬರುವ ಉತ್ತರ ಹೆಚ್ಚುಕಡಿಮೆ ಒಂದೇ: 'ಯಾವುದಾದ್ರೂ ಆಶ್ರಮಕ್ಕೋ ಹಾಸ್ಟೆಲ್‌ಗೋ ಸೇರಿಸಿಬಿಡಿ, ಊಟ-ಓದು ಎರಡೂ ಆಗುತ್ತೆ.' ಈ ಮಾತಿನಲ್ಲಿ ಕರುಣೆಗೇನೂ ಕೊರತೆಯಿಲ್ಲ. ಆದರೆ 2016ರ ಜನವರಿ 15ರಿಂದ ಜಾರಿಯಲ್ಲಿರುವ ಬಾಲನ್ಯಾಯ ಕಾಯ್ದೆ ಬೇರೆಯೇ ಹೇಳುತ್ತದೆ. ಮಗು ಬೆಳೆಯಬೇಕಾದದ್ದು ಕುಟುಂಬದಲ್ಲಿ. ಸಂಸ್ಥೆಗೆ ಸೇರಿಸುವುದು ಉಳಿದೆಲ್ಲ ದಾರಿ ಮುಚ್ಚಿದ ಮೇಲಿನ ಕೊನೆಯ ದಾರಿ. ಇದನ್ನು ತೀರ್ಮಾನಿಸುವ ಅಧಿಕಾರ ಜಿಲ್ಲೆಯ ಮಕ್ಕಳ ಕಲ್ಯಾಣ ಸಮಿತಿಗಿದೆ. ಅದರ ಹೆಸರು ಕೇಳಿದವರು ಬಹಳ, ಕೆಲಸ ಬಲ್ಲವರು ಕಡಿಮೆ.

ಭದ್ರಾ ಅಣೆಕಟ್ಟೆಯ ಊರಾದ ಲಕ್ಕವಳ್ಳಿ ತರೀಕೆರೆ ತಾಲ್ಲೂಕಿನ ಹೋಬಳಿ ಕೇಂದ್ರ. ಇಲ್ಲಿನವರಿಗೆ ಹತ್ತಿರದ ಪೇಟೆ ಪಕ್ಕದ ಜಿಲ್ಲೆಯ ಭದ್ರಾವತಿ. ಆದರೆ ಮಗುವಿನ ವಿಷಯ ಬಂದಾಗ ಕಡತ ಹೋಗುವುದು ತಮ್ಮದೇ ಜಿಲ್ಲಾ ಕೇಂದ್ರ ಚಿಕ್ಕಮಗಳೂರಿಗೆ. ಲಕ್ಕವಳ್ಳಿಯ ಹುಡುಗನೊಬ್ಬ ಮನೆ ಬಿಟ್ಟು ಭದ್ರಾವತಿ ರೈಲು ನಿಲ್ದಾಣದಲ್ಲಿ ಸಿಕ್ಕಿದ ಅನ್ನಿ. ಅವನು ಮೊದಲು ಶಿವಮೊಗ್ಗ ಜಿಲ್ಲೆಯ ಸಮಿತಿಯ ಮುಂದೆ ಹೋಗುತ್ತಾನೆ. ತವರು ಜಿಲ್ಲೆ ಯಾವುದೆಂದು ಖಚಿತವಾದ ಮೇಲೆ ಅವನನ್ನು ಇತ್ತ ವರ್ಗಾಯಿಸಲಾಗುತ್ತದೆ.

ಕಟಕಟೆಯಿಲ್ಲದ ಪೀಠ

ಈ ಸಮಿತಿ 2000ದ ಬಾಲನ್ಯಾಯ ಕಾಯ್ದೆಯ ಕೂಸು. 2015ರ ಕಾಯ್ದೆ ಅದಕ್ಕೆ ಇನ್ನಷ್ಟು ಬಲ ಕೊಟ್ಟಿತು. ಒಬ್ಬ ಅಧ್ಯಕ್ಷರು, ನಾಲ್ವರು ಸದಸ್ಯರು. ಅವರಲ್ಲಿ ಒಬ್ಬ ಮಹಿಳೆಯಾದರೂ ಇರಲೇಬೇಕು. ಅವಧಿ ಮೂರು ವರ್ಷ. ತಿಂಗಳಿಗೆ ಕನಿಷ್ಠ 20 ದಿನ ಸಮಿತಿ ಸೇರಬೇಕು. ಅದಕ್ಕೆ ಪ್ರಥಮ ದರ್ಜೆ ಮ್ಯಾಜಿಸ್ಟ್ರೇಟರ ಅಧಿಕಾರ ಇದೆ, ಆದರೆ ಕೋರ್ಟಿನ ಠೀವಿ ಇರಕೂಡದು. ಸದಸ್ಯರು ಎತ್ತರದ ವೇದಿಕೆಯ ಮೇಲೆ ಕೂರುವಂತಿಲ್ಲ, ಮಗುವಿನ ಮುಂದೆ ಕಟಕಟೆ ಇಡುವಂತಿಲ್ಲ.

ಆಸರೆ ಬೇಕಾದ ಮಗುವನ್ನು ಪೊಲೀಸರೇ ಕರೆತರಬೇಕೆಂದಿಲ್ಲ. ಶಿಕ್ಷಕರು, ಆಶಾ ಕಾರ್ಯಕರ್ತೆ, ನರ್ಸ್, ನೆರೆಮನೆಯವರು ಯಾರೂ ಕರೆತರಬಹುದು; ಮಗು ತಾನೇ ಬಂದು ನಿಲ್ಲಲೂಬಹುದು. ಮಗು ಸಿಕ್ಕ ಗಳಿಗೆಯಿಂದ ಪ್ರಯಾಣದ ಹೊತ್ತು ಬಿಟ್ಟು 24 ಗಂಟೆಯೊಳಗೆ ಹಾಜರುಪಡಿಸಬೇಕು. ಅಂದು ಸಮಿತಿ ಸೇರಿಲ್ಲದಿದ್ದರೆ ಒಬ್ಬ ಸದಸ್ಯರ ಮುಂದೆ ಹಾಜರುಪಡಿಸಿದರೂ ನಡೆಯುತ್ತದೆ. ಅನಾಥ ಮಗು ಕಂಡೂ ತಿಳಿಸದೆ ತಮ್ಮ ಬಳಿಯೇ ಇಟ್ಟುಕೊಳ್ಳುವುದು ಉಪಕಾರವೆಂದು ತೋರಬಹುದು. ಕಾನೂನಿನ ಕಣ್ಣಲ್ಲಿ ಅದು ಅಪರಾಧ: ಆರು ತಿಂಗಳವರೆಗೆ ಜೈಲು, 10,000 ರೂಪಾಯಿ ದಂಡ ಅಥವಾ ಎರಡೂ.

ಆಮೇಲೆ ಸಮಾಜ ಕಾರ್ಯಕರ್ತರು ಮನೆಗೆ ಹೋಗಿ, ಶಾಲೆಯಲ್ಲಿ ವಿಚಾರಿಸಿ, 15 ದಿನದೊಳಗೆ ಸಾಮಾಜಿಕ ತನಿಖಾ ವರದಿ ಕೊಡಬೇಕು. ಮಗು ಮೊದಲ ಬಾರಿ ಹಾಜರಾದ ನಾಲ್ಕು ತಿಂಗಳೊಳಗೆ ಅಂತಿಮ ಆದೇಶ ಆಗಬೇಕು. ಅದಕ್ಕೆ ಕನಿಷ್ಠ ಮೂವರು ಸದಸ್ಯರು ಇರಬೇಕು. ಈ ಎಲ್ಲ ಹಂತದಲ್ಲೂ 'ನಿನಗೇನು ಬೇಕು?' ಎಂದು ಮಗುವನ್ನು ಕೇಳುವುದು ಸೌಜನ್ಯಕ್ಕೆ ಬಿಟ್ಟ ಮಾತಲ್ಲ. ಅಭಿಪ್ರಾಯ ಹೇಳುವುದು ಅದರ ಹಕ್ಕು. ಭಾರತ 1992ರಲ್ಲಿ ಒಪ್ಪಿಕೊಂಡ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯ ತಿರುಳೂ ಇದೇ.

ತಿಂಗಳಿಗೆ ನಾಲ್ಕು ಸಾವಿರ

ಮೊದಲು ಹೇಳಿದ ಹುಡುಗಿಯ ಮಾತಿಗೆ ಬರೋಣ. ಅವಳಿಗೊಬ್ಬ ಅಜ್ಜಿ ಇದ್ದಾಳೆ, ಸುಗ್ಗಿಯಲ್ಲಿ ಅಡಿಕೆ ಸುಲಿಯಲು ಹೋಗುತ್ತಾಳೆ ಎಂದುಕೊಳ್ಳಿ. ಮೊಮ್ಮಗಳನ್ನು ಇಟ್ಟುಕೊಳ್ಳುವ ಆಸೆಯಿದೆ, ಕೈಯಲ್ಲಿ ಕಾಸಿಲ್ಲ. ಈ ಮಗುವನ್ನು ಬಾಲಮಂದಿರಕ್ಕೆ ಕಳಿಸಿದರೆ ಬಡತನವೊಂದೇ ಕಾರಣಕ್ಕೆ ಮನೆ ಬಿಡಿಸಿದಂತೆ. ಇಂಥಲ್ಲಿಗೇ ಇರುವುದು ಪ್ರಾಯೋಜಕತ್ವ ಯೋಜನೆ. ಕೇಂದ್ರ-ರಾಜ್ಯಗಳು ಸೇರಿ ನಡೆಸುವ 'ಮಿಷನ್ ವಾತ್ಸಲ್ಯ'ದಡಿ ಮಗುವಿನ ಹೆಸರಲ್ಲಿ ತಿಂಗಳಿಗೆ 4,000 ರೂಪಾಯಿ ಬರುತ್ತದೆ. 2022ರ ಹೊಸ ಮಾರ್ಗಸೂಚಿಗೆ ಮೊದಲು ಇದು 2,000 ಇತ್ತು. ಕುಟುಂಬದ ವಾರ್ಷಿಕ ಆದಾಯ ಹಳ್ಳಿಯಲ್ಲಿ 72,000, ಪಟ್ಟಣದಲ್ಲಿ 96,000 ರೂಪಾಯಿ ಮೀರಿರಬಾರದು. ವಿಧವೆ ಅಥವಾ ಗಂಡ ಬಿಟ್ಟುಹೋದ ತಾಯಿಯ ಮಕ್ಕಳು, ಬಂಧುಗಳ ಮನೆಯಲ್ಲಿರುವ ಅನಾಥರು, ಹೆತ್ತವರು ಗಂಭೀರ ಕಾಯಿಲೆ ಅಥವಾ ಅಪಘಾತದಿಂದ ದುಡಿಯಲಾಗದೆ ಉಳಿದ ಮನೆಯ ಮಕ್ಕಳು, ಬಾಲ್ಯವಿವಾಹ ಅಥವಾ ದುಡಿಮೆಯಿಂದ ಬಿಡಿಸಿ ತಂದ ಮಕ್ಕಳು ಇದರ ವ್ಯಾಪ್ತಿಗೆ ಬರುತ್ತಾರೆ.

ಅರ್ಜಿ ಹೋಗಬೇಕಾದದ್ದು ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ. ಕೇಳಿದವರಿಗೆಲ್ಲ ತಾನಾಗಿ ಸಿಗುವ ಪಿಂಚಣಿ ಇದಲ್ಲ. ಜಿಲ್ಲಾ ಮಟ್ಟದ ಅನುಮೋದನಾ ಸಮಿತಿ ಒಪ್ಪಬೇಕು, ಮಗು ಶಾಲೆ ತಪ್ಪಿಸಬಾರದು. ಅಜ್ಜಿಯೂ ಇಲ್ಲದ ಮಗುವಿಗೆ ಬೇರೊಂದು ಕುಟುಂಬ ಕೆಲಕಾಲ ಆಸರೆಯಾಗುವ ಪೋಷಕತ್ವಕ್ಕೂ, ಅಂದರೆ ಫಾಸ್ಟರ್ ಕೇರ್‌ಗೂ ಕಾಯ್ದೆಯಲ್ಲಿ ಜಾಗವಿದೆ. ಅದು ದತ್ತು ಅಲ್ಲ.

ಪೆಟ್ಟಿಗೆಯ ಬೀಗದ ಕೈ

ಯಾವ ದಾರಿಯೂ ಇಲ್ಲದಾಗ ಬಾಲಮಂದಿರ ಅಥವಾ ನೋಂದಾಯಿತ ಖಾಸಗಿ ಸಂಸ್ಥೆ. ಬಿಸಿಎಂ ಹಾಸ್ಟೆಲ್, ಮೊರಾರ್ಜಿ ದೇಸಾಯಿ ವಸತಿ ಶಾಲೆಗಳು ಓದಿಗಾಗಿ ಇರುವಂಥವು, ಈ ಲೆಕ್ಕಕ್ಕೆ ಸೇರುವುದಿಲ್ಲ. ಪಾಲನಾ ಸಂಸ್ಥೆ ನಡೆಸಲು ನೋಂದಣಿ ಕಡ್ಡಾಯ. ತಪ್ಪಿದರೆ ನಡೆಸುವವರಿಗೆ ಒಂದು ವರ್ಷದವರೆಗೆ ಜೈಲು ಅಥವಾ ಕನಿಷ್ಠ ಒಂದು ಲಕ್ಷ ರೂಪಾಯಿ ದಂಡ, ಇಲ್ಲವೇ ಎರಡೂ.

ಒಳಗೆ ಸೇರಿದ ಮೇಲೂ ಮಗುವಿನ ಹಕ್ಕುಗಳು ಗೇಟಿನಾಚೆ ಉಳಿಯುವುದಿಲ್ಲ. ಪ್ರತಿಯೊಬ್ಬರಿಗೂ ಪ್ರತ್ಯೇಕ ಪಾಲನಾ ಯೋಜನೆ ಬರೆಯಬೇಕು: ಆರೋಗ್ಯ, ಓದು, ಆಸಕ್ತಿ, ಮನೆಯವರೊಡನೆ ಸಂಪರ್ಕ, ಮುಂದೇನು ಎಂಬುದೆಲ್ಲ ಅದರಲ್ಲಿ. 6ರಿಂದ 10, 11ರಿಂದ 15, 16ರಿಂದ 18 ಹೀಗೆ ವಯಸ್ಸಿಗೆ ತಕ್ಕಂತೆ ಮಕ್ಕಳ ಸಮಿತಿಗಳಿರಬೇಕು. ಸಲಹಾ ಪೆಟ್ಟಿಗೆಯ ನಿಯಮವಂತೂ ಮಕ್ಕಳ ಮನಸ್ಸು ಬಲ್ಲವರು ಬರೆದದ್ದು. ಅದನ್ನು ಕಚೇರಿಯ ಬಾಗಿಲಲ್ಲಿ ತೂಗುಹಾಕುವಂತಿಲ್ಲ. ಮಕ್ಕಳು ಮಲಗುವ ಕೋಣೆಗಳ ಹತ್ತಿರ ಇಡಬೇಕು. ಬೀಗದ ಕೈ ಇರುವುದು ಸಂಸ್ಥೆಯ ಅಧೀಕ್ಷಕರ ಜೇಬಿನಲ್ಲಲ್ಲ, ನಿರ್ವಹಣಾ ಸಮಿತಿಯ ಅಧ್ಯಕ್ಷರ ಬಳಿ. ವಾರಕ್ಕೊಮ್ಮೆ ಮಕ್ಕಳ ಸಮಿತಿಯ ಎದುರಿಗೇ ಅದನ್ನು ತೆರೆಯಬೇಕು. ಸಾರು ನೀರಾಗಿತ್ತು ಎಂಬ ದೂರಿನಿಂದ ಹಿಡಿದು ಹೇಳಲು ಬಾಯಿ ಬಾರದ ನೋವಿನವರೆಗೆ ಯಾವುದೂ ಆ ಚೀಟಿಯಲ್ಲಿರಬಹುದು. ಚೀಟಿ ಬರೆದವಳ ಹೆಸರು ಮೊದಲು ಯಾರ ಕಣ್ಣಿಗೆ ಬೀಳುತ್ತದೆ ಎಂಬುದರ ಮೇಲೆ ಎಲ್ಲವೂ ನಿಂತಿದೆ.

ಈ ಲೇಖನದಲ್ಲಿ ಯಾವ ಮಗುವಿನ ಚಿತ್ರವೂ ಇಲ್ಲ. ಹೆಸರು, ಊರು, ಶಾಲೆ, ಫೋಟೊ ಹೀಗೆ ಗುರುತು ಸಿಗುವ ಯಾವುದನ್ನೂ ಪ್ರಕಟಿಸಬಾರದೆಂದು ಕಾಯ್ದೆಯ 74ನೇ ಕಲಂ ಹೇಳುತ್ತದೆ. ತಪ್ಪಿದರೆ ಆರು ತಿಂಗಳವರೆಗೆ ಜೈಲು, ಎರಡು ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ. ಹುಟ್ಟುಹಬ್ಬಕ್ಕೆ ಆಶ್ರಮಕ್ಕೆ ಹೋಗಿ ಕೇಕ್ ಕತ್ತರಿಸಿ, ಮಕ್ಕಳನ್ನು ಸಾಲಾಗಿ ನಿಲ್ಲಿಸಿ, ವಾಟ್ಸ್ಯಾಪ್ ಸ್ಟೇಟಸ್ ಹಾಕುವವರೂ ಇದನ್ನು ನೆನಪಿಡುವುದು ಒಳ್ಳೆಯದು. ನಾಳೆ ಕಾಲೇಜಿಗೆ ಹೋಗುವ ಹುಡುಗಿಗೆ ಆ ಫೋಟೊ ಬೇಕಿಲ್ಲ.

ಹದಿನೆಂಟು ತುಂಬಿದ ಬೆಳಗ್ಗೆ

ವ್ಯವಸ್ಥೆ ತೆಳ್ಳಗಾಗುವುದು ಹದಿನೆಂಟರ ಗಡಿಯಲ್ಲಿ. ಮನೆಯಲ್ಲಿ ಬೆಳೆದ ಹುಡುಗನಿಗೆ ಅದು ಇನ್ನೊಂದು ಹುಟ್ಟುಹಬ್ಬ. ಸಂಸ್ಥೆಯಲ್ಲಿ ಬೆಳೆದವನಿಗೆ ಮನೆ ಖಾಲಿ ಮಾಡುವ ದಿನ. ಹಾಗಾಗಬಾರದೆಂದೇ ಅನುಪಾಲನೆಯ ಏರ್ಪಾಡಿದೆ: 21 ವರ್ಷದವರೆಗೆ, ವಿಶೇಷ ಸಂದರ್ಭದಲ್ಲಿ 23ರವರೆಗೆ ಹಣಕಾಸಿನ ನೆರವು, ವಸತಿ, ತರಬೇತಿ. ಮಿಷನ್ ವಾತ್ಸಲ್ಯದಡಿ ಇದಕ್ಕೂ ತಿಂಗಳಿಗೆ 4,000 ರೂಪಾಯಿ. ಹೊರಡುವ ಎರಡು ತಿಂಗಳ ಮೊದಲೇ ಮುಂದಿನ ಯೋಜನೆ ಮಕ್ಕಳ ಕಲ್ಯಾಣ ಸಮಿತಿಯ ಕೈಸೇರಬೇಕು.

ಕಾಗದದಲ್ಲಿ ಇದು ಸರಿಯಾಗಿಯೇ ಇದೆ. ಆದರೆ ಬಾಡಿಗೆ ಕೋಣೆ ಕೇಳಲು ಹೋದಾಗ 'ಅಪ್ಪ-ಅಮ್ಮ ಯಾರು?' ಎಂಬ ಪ್ರಶ್ನೆ, ಜಾತಿ ಪ್ರಮಾಣಪತ್ರಕ್ಕೆ ಅಲೆದಾಟ, ಜ್ವರ ಬಂದರೆ ಫೋನ್ ಮಾಡಲು ಯಾರಿಲ್ಲದಿರುವುದು, ಇವಕ್ಕೆ ನಾಲ್ಕು ಸಾವಿರ ಸಾಲದು. ಇಂಗ್ಲೆಂಡಿನಲ್ಲಿ ಪಾಲನೆಯಿಂದ ಹೊರಬಂದ ಯುವಜನರು 25 ವರ್ಷ ತುಂಬುವವರೆಗೆ ಸ್ಥಳೀಯ ಆಡಳಿತದಿಂದ ಒಬ್ಬ ಸಲಹೆಗಾರರ ನೆರವು ಕೇಳಬಹುದು. ಮಹಾರಾಷ್ಟ್ರ 2018ರಲ್ಲಿ ಅನಾಥರಿಗೆ ಶೇ 1 ಮೀಸಲಾತಿ ತಂದಿತು. ಹಣದ ಜೊತೆಗೆ ಒಬ್ಬ ಮನುಷ್ಯ, ಒಂದು ಗುರುತು ಬೇಕೆಂಬುದನ್ನು ಈ ಎರಡೂ ಕಡೆ ಒಪ್ಪಿಕೊಂಡಂತಾಯಿತು.

ನಮ್ಮಲ್ಲಿ ಆ ಕೆಲಸ ಹೋಬಳಿ ಮಟ್ಟದಲ್ಲೇ ಶುರುವಾಗಬಹುದು. ತುರ್ತಿಗೆ ಮಕ್ಕಳ ಸಹಾಯವಾಣಿ 1098 ಇದೆ, ಹಗಲು ರಾತ್ರಿ ಉಚಿತ. ಗ್ರಾಮ ಪಂಚಾಯಿತಿಗಳಲ್ಲಿ ವರ್ಷಕ್ಕೊಮ್ಮೆ ಮಕ್ಕಳ ಗ್ರಾಮಸಭೆ ನಡೆಯಬೇಕು. ಅಲ್ಲಿ ಆಟದ ಮೈದಾನ, ಶೌಚಾಲಯ, ಬಸ್ಸಿನ ಬೇಡಿಕೆಗಳ ಜೊತೆ ಇನ್ನೆರಡು ಪ್ರಶ್ನೆ ಕೇಳಬಹುದು: ನಮ್ಮ ಪಂಚಾಯಿತಿಯ ಎಷ್ಟು ಮಕ್ಕಳು ಹೊರಗಿನ ಸಂಸ್ಥೆಗಳಲ್ಲಿದ್ದಾರೆ? ಅವರಲ್ಲಿ ಈ ವರ್ಷ ಹದಿನೆಂಟು ತುಂಬುವವರು ಎಷ್ಟು ಮಂದಿ? ಕೇಳಬೇಕಾದದ್ದು ಸಂಖ್ಯೆ ಮಾತ್ರ, ಹೆಸರಲ್ಲ. ಆ ಸಂಖ್ಯೆ ಪಿಡಿಒ ಮೇಜಿನ ಮೇಲಿದ್ದರೆ ಪಡಿತರ ಚೀಟಿ, ಮತದಾರರ ಪಟ್ಟಿ, ಕೆಲಸದ ತರಬೇತಿ ಎಲ್ಲಕ್ಕೂ ಮೊದಲೇ ಅಣಿಯಾಗಬಹುದು. ಊರು ಬಿಟ್ಟುಹೋದ ಮಗುವಿನ ಲೆಕ್ಕವನ್ನು ಊರು ಇಟ್ಟರೆ, ಅದು ವಾಪಸ್ ಬರಲು ಒಂದು ವಿಳಾಸವಾದರೂ ಉಳಿದಿರುತ್ತದೆ.