ಜ್ವರ ಬಂದರೆ ಹಟ್ಟಿ ಕೆಲಸದ ವಿಷಯವನ್ನೂ ಡಾಕ್ಟರಿಗೆ ಹೇಳಿ

ಹೈನುಗಾರ ಸಹೋದರಿಯರೇ,

ಆಟಿಯ ಮಳೆಗೆ ನಮ್ಮ ವೇಣೂರು ಕಡೆಯ ಹಟ್ಟಿಗಳಲ್ಲಿ ಸೊಪ್ಪು, ಸೆಗಣಿ, ಗಂಜಲ, ನೀರು ಎಲ್ಲ ಒಂದಾಗಿರುತ್ತದೆ. ಅದರಲ್ಲೇ ಬರಿಗಾಲಲ್ಲಿ ನಿಂತು ಎರಡು ಹೊತ್ತು ಕೆಲಸ ಮಾಡುವವರು ನೀವು. ಇಲಿಜ್ವರ ತಗಲುವ ದಾರಿಯೂ ಅದೇ. ಡಾಕ್ಟರು ಚೀಟಿಯಲ್ಲಿ ಲೆಪ್ಟೊಸ್ಪೈರೋಸಿಸ್ ಎಂದು ಬರೆಯುವುದು ಇದನ್ನೇ. ಇದರ ರೋಗಾಣು ಇಲಿ, ಹೆಗ್ಗಣಗಳ ಮೂತ್ರದಲ್ಲಿರುತ್ತದೆ. ಸೋಂಕು ತಗಲಿದ ದನ, ನಾಯಿಗಳ ಮೂತ್ರದಲ್ಲೂ ಇರುತ್ತದೆ. ಒಡೆದ ಹಿಮ್ಮಡಿ, ಬೆರಳ ಸಂದಿನ ಕೆಸರುಹುಣ್ಣು, ಕತ್ತಿ ತಾಗಿದ ಸಣ್ಣ ಗಾಯ ಸಾಕು, ಒಳಗೆ ಹೋಗುತ್ತದೆ.

ಸಾಮಾನ್ಯವಾಗಿ ಒಂದೆರಡು ವಾರದಲ್ಲಿ ಚಳಿ ನಡುಗಿಸಿ ಜ್ವರ ಬರುತ್ತದೆ. ತಲೆನೋವು, ಕಣ್ಣು ಕೆಂಪಗಾಗುವುದು, ಮುಟ್ಟಿದರೆ ಸಹಿಸಲಾಗದಂಥ ಮೀನಖಂಡದ ನೋವು ಇದರ ಗುರುತು. ಆದರೆ ಎಲ್ಲರಿಗೂ ಎಲ್ಲವೂ ಕಾಣಿಸುವುದಿಲ್ಲ. "ಜ್ವರ, ಮೈಕೈ ನೋವು" ಎಂದಷ್ಟೇ ಹೇಳಿದರೆ ಅದು ಡೆಂಗ್ಯೂ, ಮಲೇರಿಯಾ, ಯಾವುದೂ ಆಗಬಹುದು. ಪ್ಲೇಟ್‌ಲೆಟ್ ಡೆಂಗ್ಯೂವಿನಲ್ಲಿ ಮಾತ್ರವಲ್ಲ, ಇಲಿಜ್ವರದಲ್ಲೂ ಇಳಿಯುತ್ತದೆ. ನಿಮ್ಮ ಹಟ್ಟಿಯನ್ನು ಡಾಕ್ಟರು ನೋಡಿಲ್ಲ. ಹಾಗಾಗಿ ಅವರು ಕೇಳದಿದ್ದರೂ ನೀವೇ ಹೇಳಿ: ದನ ಸಾಕುತ್ತೇನೆ, ಕಾಲಿನಲ್ಲಿ ಗಾಯವಿದೆ, ಇಂತಿಷ್ಟು ದಿನದಿಂದ ಜ್ವರ. ಈಚೆಗೆ ದನ ಕಂದು ಹಾಕಿದ್ದರೆ, ಅದರ ಮಾಸನ್ನು ಬರಿಗೈಯಲ್ಲಿ ತೆಗೆದಿದ್ದರೆ ಅದನ್ನೂ ಹೇಳಿ. ವಾರಗಟ್ಟಲೆ ಬಿಟ್ಟುಬಿಟ್ಟು ಬರುವ ಜ್ವರ, ಗಂಟುನೋವು ಇದ್ದರೆ ಅದು ಬ್ರುಸೆಲ್ಲೋಸಿಸ್ ಇರಬಹುದು. ಅದರ ಪರೀಕ್ಷೆಯೇ ಬೇರೆ, ಔಷಧಿಯನ್ನೂ ವಾರಗಟ್ಟಲೆ ತೆಗೆದುಕೊಳ್ಳಬೇಕು.

ರಕ್ತಪರೀಕ್ಷೆಯ ಬಗ್ಗೆ ಒಂದು ಮಾತು. ಇಲಿಜ್ವರಕ್ಕೆ ಹೆಚ್ಚಾಗಿ ಮಾಡುವ ಪರೀಕ್ಷೆ ನಮ್ಮ ದೇಹ ರೋಗಾಣುವಿನ ವಿರುದ್ಧ ತಯಾರಿಸುವ ಪ್ರತಿಕಾಯವನ್ನು ಹುಡುಕುತ್ತದೆ. ಅದು ತಯಾರಾಗಲು ಐದಾರು ದಿನ ಬೇಕು. ಎರಡನೇ ದಿನದ ರಿಪೋರ್ಟಿನಲ್ಲಿ "ಇಲ್ಲ" ಎಂದಿದ್ದರೆ ರೋಗವೇ ಇಲ್ಲವೆಂದಲ್ಲ. ಅದಕ್ಕೇ ಡಾಕ್ಟರು ಸಂಶಯ ಬಂದಾಗಲೇ ಔಷಧಿ ಶುರುಮಾಡುತ್ತಾರೆ. ಆರಂಭದಲ್ಲಾದರೆ ಡಾಕ್ಸಿಸೈಕ್ಲಿನ್ ಮಾತ್ರೆಯಲ್ಲೇ ಗುಣವಾಗುತ್ತದೆ. ಜೋರಾದರೆ ಆಸ್ಪತ್ರೆಗೆ ಸೇರಿ ಪೆನಿಸಿಲಿನ್‌ನಂಥ ಇಂಜೆಕ್ಷನ್ ಬೇಕು. ಗರ್ಭಿಣಿಯರಿಗೆ ಡಾಕ್ಸಿಸೈಕ್ಲಿನ್ ಕೊಡುವುದಿಲ್ಲ, ಆದ್ದರಿಂದ ಆ ವಿಷಯ ಮುಚ್ಚಿಡಬೇಡಿ. ಮೆಡಿಕಲ್‌ನಿಂದ ನೀವಾಗಿಯೇ ನೋವಿನ ಮಾತ್ರೆ ತಂದು ನುಂಗಬೇಡಿ, ಕಿಡ್ನಿಗೆ ಪೆಟ್ಟು.

ಕಣ್ಣು ಹಳದಿಯಾದರೆ ಕಾಮಾಲೆಯ ಸೊಪ್ಪಿನ ಮದ್ದಿಗೆ ಓಡುವ ರೂಢಿ ನಮ್ಮಲ್ಲಿದೆ. ಇಲಿಜ್ವರದ ಕಾಮಾಲೆಯಲ್ಲಿ ಹಾಗೆ ಕಳೆದ ಮೂರು ದಿನದಲ್ಲಿ ಕಿಡ್ನಿ ನಿಲ್ಲಬಹುದು. ಮೂತ್ರ ಕಡಿಮೆಯಾದರೆ, ಏದುಸಿರು ಬಂದರೆ, ಕಫದಲ್ಲಿ ರಕ್ತ ಕಂಡರೆ ಅದೇ ಗಳಿಗೆ ದೊಡ್ಡ ಆಸ್ಪತ್ರೆಗೆ ಹೊರಡಿ. "ಸಂಜೆಯ ಹಾಲು ಸೊಸೈಟಿಗೆ ಹಾಕಿ ನಾಳೆ ಹೋಗುತ್ತೇನೆ" ಎನ್ನುವವರೇ ಹೆಚ್ಚು. ಒಂದು ಹೊತ್ತು ನೆರೆಮನೆಯವರು ಕರೆದಾರು.

ಹಟ್ಟಿಗೆ ಗಂಬೂಟು ಹಾಕಿಕೊಂಡೇ ಇಳಿಯಿರಿ, ಗಾಯಕ್ಕೆ ನೀರು ಹೋಗದ ಪಟ್ಟಿ ಕಟ್ಟಿ. ಇಲಿ ಬರುವುದು ಹಿಂಡಿಯ ಚೀಲಕ್ಕೆ, ಅದನ್ನು ಮುಚ್ಚಳವಿರುವ ಡ್ರಮ್ಮಿನಲ್ಲಿಡಿ. ದನ ಕಂದು ಹಾಕಿದರೆ, ಹಾಲು ಒಮ್ಮೆಲೇ ಇಳಿದರೆ ಪಶುವೈದ್ಯರನ್ನು ಕರೆಸಿ. ಬಿದ್ದ ಕಂದನ್ನು ತೋಟಕ್ಕೆ ಎಸೆಯದೆ, ಕೈಗವಸು ಹಾಕಿ, ಸುಣ್ಣ ಸುರಿದು ಆಳವಾಗಿ ಹೂಳಿ.