ಗಂಗೆಯ ತವರಿನಲ್ಲಿ ಮರವೂ ಮಣ್ಣೂ

ಬೇಸಗೆಯ ರಜೆಯಲ್ಲಿ ಗಂಗೋತ್ರಿಯ ಯಾತ್ರೆಗೆ ಹೊರಡುವವರು ನಮ್ಮ ವಾಚಕರಲ್ಲಿಯೂ ಉಂಟು. 10,000 ಅಡಿಗೂ ಎತ್ತರದಲ್ಲಿರುವ ಆ ಕ್ಷೇತ್ರದಿಂದ ಭಾಗೀರಥಿಯ ಉಗಮಸ್ಥಾನವಾದ ಗೋಮುಖಕ್ಕೆ ಸುಮಾರು 18 ಕಿಲೋಮೀಟರುಗಳ ಕಾಲುದಾರಿ. ದಾರಿಯಲ್ಲಿ ಮೊದಲು ಸಿಗುವುದು ಚೀರಬಾಸ, ಎಂದರೆ ಪೈನ್ ಮರಗಳ ನೆಲೆ. ಅದಕ್ಕೂ ಮೇಲೆ, 12,000 ಅಡಿಗೂ ಮಿಕ್ಕ ಎತ್ತರದಲ್ಲಿರುವುದು ಭೋಜಬಾಸ, ಎಂದರೆ ಭೋಜವೃಕ್ಷದ ನೆಲೆ. ಅಲ್ಲಿಂದಾಚೆಗೆ ಮರಗಳ ಸೀಮೆ ಮುಗಿದು ಹುಲ್ಲು, ಕಲ್ಲು, ಹಿಮಗಳ ರಾಜ್ಯವು ಆರಂಭವಾಗುತ್ತದೆ.

ಭೋಜವೃಕ್ಷವೆಂದರೆ ನಮ್ಮ ಹಿರಿಯರು ಭೂರ್ಜವೆಂದು ಕರೆದ ಮರವೇ. ಕಾಗದದಂತೆ ಪದರುಪದರಾಗಿ ಏಳುವ ಇದರ ತೊಗಟೆಯ ಮೇಲೆ ಕಾಶ್ಮೀರದ ಪಂಡಿತರು ಗ್ರಂಥಗಳನ್ನು ಬರೆದರು. ಕಾಳಿದಾಸನು ಕುಮಾರಸಂಭವದಲ್ಲಿ ಹಿಮಾಲಯವನ್ನು ವರ್ಣಿಸುವಾಗ ಈ ತೊಗಟೆಯನ್ನು ಮರೆತಿಲ್ಲ.

ಮರಗಳು ಒಂದು ಎತ್ತರದಲ್ಲಿ ಏಕೆ ನಿಂತುಬಿಡುತ್ತವೆ? ಸ್ವಿಟ್ಜರ್ಲೆಂಡಿನ ಸಸ್ಯವಿಜ್ಞಾನಿ ಕ್ರಿಶ್ಚಿಯನ್ ಕೋರ್ನರ್ ಅವರು ಲೋಕದ ನಾನಾ ಪರ್ವತಗಳ ಮಣ್ಣಿನ ಉಷ್ಣವನ್ನು ಅಳೆಯಿಸಿ ಇದಕ್ಕೆ ಉತ್ತರವನ್ನು ಹುಡುಕಿದರು. ಬೆಳೆಯುವ ಋತುವಿನಲ್ಲಿ ಬೇರಿನ ಸುತ್ತಲಿನ ಉಷ್ಣವು ಸರಾಸರಿ 6ರಿಂದ 7 ಸೆಂಟಿಗ್ರೇಡ್ ಡಿಗ್ರಿಗಳಿಗಿಂತ ಕೆಳಗಿಳಿದರೆ ಮರವು ಹೊಸ ಕಾಂಡವನ್ನು ಕಟ್ಟಲಾರದು. ಇದರಲ್ಲೊಂದು ವಿಚಿತ್ರವುಂಟು. ದಟ್ಟವಾದ ಮರಗಳ ನೆರಳು ಬಿಸಿಲನ್ನು ತಡೆದು, ಅವುಗಳ ಬೇರಿನ ಮಣ್ಣನ್ನೇ ತಂಪಾಗಿಸುತ್ತದೆ. ಬಯಲಿನ ಹುಲ್ಲಾದರೋ ನೆಲಕ್ಕಂಟಿಕೊಂಡು ಹಗಲಿನ ಬಿಸಿಯನ್ನು ಹೀರಿ, ಮರಕ್ಕಿಂತಲೂ ಮೇಲೆ ಬಾಳುತ್ತದೆ.

ಹಾಗೆಂದು ಮರವು ಮಣ್ಣಿಗೆ ಶತ್ರುವಲ್ಲ. ಅಲ್ಲಿ ಮಣ್ಣೆನ್ನುವ ಮಣ್ಣನ್ನು ಮಾಡುವುದರಲ್ಲಿ ಮರದ ಪಾಲೇ ಹಿರಿದು. ಉದುರಿದ ಎಲೆ ನಮ್ಮ ಮಲೆನಾಡಿನಲ್ಲಿ ಬೇಗನೆ ಕೊಳೆಯುತ್ತದೆ. ಅಲ್ಲಿಯ ಚಳಿಯಲ್ಲಿ ಅದಕ್ಕೆ ಅನೇಕ ವರ್ಷಗಳು ಬೇಕು. ಹೀಗೆ ನಿಧಾನವಾಗಿ ಕೂಡಿದ ಕಪ್ಪು ಮಣ್ಣು ನೀರನ್ನು ಹಿಡಿಯುತ್ತದೆ. ಬೇರಿಗೆ ಹೆಣೆದುಕೊಂಡ ಅಣಬೆಯ ಜಾತಿಯ ನವಿರಾದ ನೂಲುಗಳು ಬಡ ಮಣ್ಣಿನಿಂದಲೂ ಸಾರವನ್ನು ಹೆಕ್ಕಿ ಮರಕ್ಕೆ ಒದಗಿಸುತ್ತವೆ. ಮರಗಳ ಸಂದಿನಲ್ಲಿ ನಿಂತ ಹಿಮವು ಕಂಬಳಿಯಂತೆ ನೆಲವನ್ನು ಮುಚ್ಚಿ, ಚಳಿಗಾಲದಲ್ಲಿ ಅದು ಆಳದವರೆಗೆ ಹೆಪ್ಪುಗಟ್ಟದಂತೆ ಕಾಪಾಡುತ್ತದೆ.

ನೆಲದ ಏರುತಗ್ಗುಗಳಿಗೂ ಇದರಲ್ಲಿ ಪಾಲುಂಟು. ದಿಣ್ಣೆಯ ನೆತ್ತಿಯಲ್ಲಿ ಗಾಳಿಯು ಹಿಮವನ್ನು ಗುಡಿಸಿಹಾಕುವುದರಿಂದ ಮಣ್ಣು ತೆಳುವಾಗಿ, ಒಣಗಿ, ಕಲ್ಲುಗೂಡಿರುತ್ತದೆ. ತಗ್ಗಿನಲ್ಲಿ ಮೇಲಿನಿಂದ ಕೊಚ್ಚಿಬಂದ ನುಣ್ಣನೆಯ ಮಣ್ಣು ನಿಲ್ಲುತ್ತದೆ. ಆದರೆ ಹಿಮ ತಡವಾಗಿ ಕರಗುವುದರಿಂದ ಸಸಿಗೆ ಬೆಳೆಯಲು ದೊರೆಯುವ ದಿನಗಳು ಕಡಮೆ. ದಕ್ಷಿಣಕ್ಕೆ ಮೊಗಮಾಡಿದ ಇಳಿಜಾರು ಬಿಸಿಲಿಗೆ ಬೇಗ ಒಣಗುತ್ತದೆ; ಉತ್ತರದ್ದು ತೇವವನ್ನುಳಿಸಿಕೊಳ್ಳುತ್ತದೆ. ಭೋಜವೃಕ್ಷವು ಹೆಚ್ಚಾಗಿ ಉತ್ತರದ ತೇವದ ಇಳಿಜಾರನ್ನೇ ಆರಿಸಿಕೊಳ್ಳುವುದಕ್ಕೆ ಇದೇ ಕಾರಣ.

ಈಗ ಒಲೆಯ ಮಾತಿಗೆ ಬರೋಣ. ಯಾತ್ರಿಕರು ಹೆಚ್ಚಿದಂತೆ ಆ ದಾರಿಯಲ್ಲಿ ಚಹದಂಗಡಿಗಳೂ ಹೆಚ್ಚಿದವು. ಅವುಗಳ ಒಲೆಗೂ ಯಾತ್ರಿಕರ ಚಳಿ ಕಾಯಿಸುವ ಬೆಂಕಿಗೂ ಭೋಜವೃಕ್ಷಗಳು ಆಹುತಿಯಾದವು. ಒಲೆಯ ಮುಂದೆ ನಿಂತು ಜೀವನ ಸಾಗಿಸಿದ ನಾವು ಆ ಅಂಗಡಿಯವನನ್ನು ಹಳಿಯಲಾರೆವು. ಅಷ್ಟು ಎತ್ತರದಲ್ಲಿ, ಅಂತಹ ಚಳಿಯಲ್ಲಿ, ಬಂದ ಗಿರಾಕಿಗೆ ಬಿಸಿ ಚಹ ಕೊಡುವುದು ಅವನ ಧರ್ಮವೂ ಹೌದು, ಹೊಟ್ಟೆಯ ಪಾಡೂ ಹೌದು. ಆದರೆ ಲೆಕ್ಕವನ್ನು ಸರಿಯಾಗಿ ಬರೆಯಬೇಕು. ಮರವನ್ನು ಕಡಿದಾಗ ಸೌದೆ ಮಾತ್ರ ಖರ್ಚಾಗುವುದಿಲ್ಲ. ಮಣ್ಣೆಂಬ ಮೂಲಧನವೂ ಕರಗುತ್ತದೆ. ಬತ್ತಲೆಯಾದ ನೆಲದಲ್ಲಿ ರಾತ್ರಿಯ ಚಳಿಗೆ ನೀರು ಸೂಜಿಗಳಂತೆ ಹೆಪ್ಪುಗಟ್ಟಿ, ಮೇಲ್ಮಣ್ಣನ್ನೂ ಎಳೆಯ ಸಸಿಯ ಬೇರನ್ನೂ ಎತ್ತಿಹಾಕುತ್ತದೆ. ಉಳಿದುದನ್ನು ಮಳೆಯೂ ಕರಗಿದ ಹಿಮದ ನೀರೂ ಕೊಚ್ಚಿಕೊಂಡು ಹೋಗುತ್ತವೆ. ಮರವಿಲ್ಲದೆ ಮಣ್ಣಿಲ್ಲ, ಮಣ್ಣಿಲ್ಲದೆ ಮರವಿಲ್ಲ ಎಂಬ ಸ್ಥಿತಿಯೊದಗುತ್ತದೆ.

ಈ ನಷ್ಟವನ್ನು ತುಂಬಲು ಕೈಹಾಕಿದವರೂ ಇದ್ದಾರೆಂಬುದು ಸಮಾಧಾನದ ಸಂಗತಿ. 1981ರಲ್ಲಿ ನಂದಾದೇವಿಯ ಶಿಖರವನ್ನೇರಿದ ಡಾಕ್ಟರ್ ಹರ್ಷವಂತಿ ಬಿಷ್ಟ್ ಅವರು ಮುಂದೆ ಈ ಕಣಿವೆಯಲ್ಲಿ ಸಸಿಗಳನ್ನು ಬೆಳೆಸಿ, ಭೋಜಬಾಸದಲ್ಲಿ ಭೋಜವೃಕ್ಷಗಳನ್ನು ನೆಡಿಸುವ ಕಾರ್ಯವನ್ನು ಕೈಗೊಂಡರು. 2008ರಲ್ಲಿ ಸರಕಾರವು ಗೋಮುಖಕ್ಕೆ ಹೋಗುವವರ ಸಂಖ್ಯೆಯನ್ನು ದಿನಕ್ಕೆ 150ಕ್ಕೆ ಮಿತಗೊಳಿಸಿತು. ಶಿಖರವನ್ನೇರುವುದಕ್ಕೆ ಕೆಲವು ವಾರಗಳು ಸಾಕು. ಅಲ್ಲಿ ಒಂದು ಸಸಿ ಮರವಾಗಲು ಹಲವು ದಶಕಗಳೇ ಬೇಕೆಂಬುದನ್ನು ನಾವು ನೆನೆಯಬೇಕು.

ನಮ್ಮ ವಾಚಕರು ಆ ಪುಣ್ಯಕ್ಷೇತ್ರಕ್ಕೆ ಹೋದಾಗ ನೆನಪಿಗೆಂದು ಭೂರ್ಜದ ತೊಗಟೆಯನ್ನು ಸುಲಿದು ತರಬಾರದು. ಕಟ್ಟಿಗೆಯ ಬೆಂಕಿಯನ್ನು ಬಯಸಬಾರದು. ಕಾಲುದಾರಿಯನ್ನು ಬಿಟ್ಟು ಸಸಿಗಳ ನಡುವೆ ನಡೆಯಬಾರದು. ಇಷ್ಟು ಸಂಯಮವನ್ನು ಪಾಲಿಸಿದರೆ ಗಂಗಾಮಾತೆಗೆ ಅದಕ್ಕಿಂತ ದೊಡ್ಡ ಕಾಣಿಕೆ ಬೇರೊಂದಿಲ್ಲವೆಂದು ನಾವು ಭಾವಿಸುತ್ತೇವೆ.